ಹೊನ್ನಮ್ಮ ತೆಗೆದಿಟ್ಟ ತಟ್ಟೆ

ಮದುವೆಯಾಗಿ ಈ ಊರಿಗೆ ಬಂದ ದಿನ ನನ್ನ ಟ್ರಂಕಿಗೆ ಹಾಕಿದ್ದ ಬೀಗ ನೋಡಿ ಬೀದಿಯ ಹೆಂಗಸರೆಲ್ಲ ನಕ್ಕಿದ್ದರು. ಇಲ್ಲಿ ಬೀಗ ಅನ್ನುವುದನ್ನು ಯಾರೂ ಕೊಳ್ಳುವುದಿಲ್ಲ. ಮನೆಯ ರಕ್ತದವರು ಬಂದು ಮೈ ತಾಕಿಸಿದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಒಳಗೆ ಹೋದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮಿಕ್ಕವರು ಹೊರಗೆ ನಿಂತು ಕೂಗಬೇಕು, ಒಳಗಿದ್ದವರು ಬಂದು ಎಳೆದು ತೆಗೆಯಬೇಕು. ಸೊಸೆಯ ಪಾಡು ಬೇರೆ. ಮನೆಯವರೊಬ್ಬರು ದಿನವೂ ಅವಳ ಜೊತೆ ಹೊಸ್ತಿಲ ಮೇಲೆ ಕೂತು ಉಣ್ಣಬೇಕು. ಹಾಗೆ ಉಂಡೂ ಉಂಡೂ ಬಾಗಿಲು ಅವಳಿಗೆ ಪಳಗುತ್ತದೆ. ಕೆಲವು ಬಾಗಿಲು ತಿಂಗಳಿಗೇ ಪಳಗುತ್ತವೆ, ಕೆಲವಕ್ಕೆ ಮನೆಯ ಹಿರಿಯರ ಹಾಗೆ ಬಿಗುಮಾನ. ನಮ್ಮ ಮನೆಯದು ನನಗೆ ನಾಲ್ಕು ವರ್ಷ ತೆಗೆದುಕೊಂಡಿತು. ಅಷ್ಟೂ ದಿನ ನನ್ನ ಜೊತೆ ಹೊಸ್ತಿಲ ಮೇಲೆ ಕೂತು ಉಂಡವರು ನನ್ನ ಗಂಡ ಷಡಕ್ಷರಿ. ನಮ್ಮತ್ತೆ ಸರ್ವಮಂಗಳಮ್ಮನವರು ಒಂದು ದಿನವೂ ಕೂರಲಿಲ್ಲ. ಮಂಡಿನೋವು ಅನ್ನುತ್ತಿದ್ದರು. ಹೂ ಕಟ್ಟಲು ನೆಲದ ಮೇಲೆ ಗಂಟೆಗಟ್ಟಲೆ ಕೂರುವಾಗ ಆ ಮಂಡಿ ಎಲ್ಲಿ ಹೋಗುತ್ತಿತ್ತೋ ನಾನು ಕೇಳಲಿಲ್ಲ.

ನಮ್ಮದು ಹಿಟ್ಟಿನ ಗಿರಣಿ. ಮನೆಯ ಪಕ್ಕಕ್ಕೇ ಇದೆ. ಆ ಗದ್ದಲದಲ್ಲಿ ಮಾತಾಡಿ ಮಾತಾಡಿ ನನ್ನ ದನಿ ಊರಿಗೆಲ್ಲ ಕೇಳುವಂತಾಗಿದೆ. ಇವರು ಮಾತ್ರ ಅದೇ ಗದ್ದಲದಲ್ಲೂ ಮೆಲ್ಲಗೆ ಮಾತಾಡುವವರು. ರಾಗಿ ತಂದವರು ಬಗ್ಗಿ ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿದ್ದರು. ಅಂಥವರಿಗೆ ಮೂಟೆ ಎತ್ತಿದರೆ ಏದುಸಿರು ಬರತೊಡಗಿತು, ವಸಡಲ್ಲಿ ರಕ್ತ ಬಂತು, ತೊಡೆಯ ಮೇಲೆ ಏಟು ಬೀಳದೆಯೇ ನೀಲಿ ಮಚ್ಚೆ ಎದ್ದವು. ಕೆರೆಯಾಚೆಯ ಆಸ್ಪತ್ರೆಯಲ್ಲಿ ಡಾಕ್ಟರ್ ವಸುಮತಿ ರಕ್ತದ ಕ್ಯಾನ್ಸರ್ ಎಂದರು. ಔಷಧಿಯಿಂದ ಒಮ್ಮೆ ತಗ್ಗಿ ಮತ್ತೆ ಬಂತು. ಹಳೆಯ ರಕ್ತ ಹುಟ್ಟುವ ಜಾಗವನ್ನೇ ಬರಿದು ಮಾಡಿ, ರಕ್ತ ಹುಟ್ಟಿಸುವ ಇನ್ನೊಬ್ಬರ ಕಾಂಡಕೋಶ ತಂದು ನಾಟಬೇಕು, ಆಮೇಲೆ ಮೈಯಲ್ಲಿ ಹುಟ್ಟುವುದೆಲ್ಲ ಕೊಟ್ಟವರ ರಕ್ತವೇ ಎಂದು ಹೇಳಿದರು. ಇವರಿಗೆ ಒಡಹುಟ್ಟಿದವರಿಲ್ಲ. ಊರೆಲ್ಲ ಹುಡುಕಿ ಹೊಂದಿದ್ದು ಒಬ್ಬನದು. ಕೆರೆ ದಂಡೆಯ ಮೀನುಗಾರರ ಕೇರಿಯ ಅಂಕಣ್ಣ.

ಈ ಊರಲ್ಲಿ ರಕ್ತ ಕೊಡುವುದು ಸಣ್ಣ ಮಾತಲ್ಲ. ತೆಗೆದುಕೊಂಡವರಿಗೆ ಕೊಟ್ಟವರ ಮನೆ ಬಾಗಿಲು ತೆರೆದುಕೊಳ್ಳುತ್ತದೆ. ಬಾಟಲಿಯ ರಕ್ತವಾದರೆ ಎರಡು ಮೂರು ತಿಂಗಳು, ಆಮೇಲೆ ಬಾಗಿಲು ಮರೆಯುತ್ತದೆ. ಬಸ್ಸಿನ ಡ್ರೈವರ್ ಜವರಪ್ಪ ಅಪಘಾತವಾಗಿ ಆರೇಳು ಜನರ ರಕ್ತ ಹಾಕಿಸಿಕೊಂಡು, ಅಷ್ಟೂ ಮನೆಗಳಿಗೆ ಹೊತ್ತುಹೊತ್ತಿಗೆ ಹೋಗಿ ಉಂಡು ಹೊಟ್ಟೆ ಬೆಳೆಸಿದ್ದನ್ನು ಊರು ಇನ್ನೂ ಆಡಿಕೊಳ್ಳುತ್ತದೆ. ಕಾಂಡಕೋಶ ಹಾಗಲ್ಲ. ಅದು ಸಾಯುವವರೆಗೂ ಉಳಿಯುವ ನಂಟು. ಅದಕ್ಕೇ ಯಾವ ಮನೆಯಿಂದ ಏನು ಹೋಗಬೇಕಾದರೂ ಆ ಮನೆಯ ಹಿರಿಯ ಹೆಂಗಸು ಹೂಂ ಅನ್ನಬೇಕು. ತೆಗೆದುಕೊಂಡವರು ಮೈಯಲ್ಲಿ ಚೇತರಿಕೆ ಬಂದ ಕೂಡಲೇ ಹೋಗಿ ಆ ಬಾಗಿಲು ಮುಟ್ಟಿ, ಒಳಗೆ ಒಂದು ತುತ್ತು ಉಂಡು ಬರಬೇಕು. ಅಂಕಣ್ಣನ ತಾಯಿ ಹೊನ್ನಮ್ಮ ಒಂದೇ ಮಾತಿಗೆ ಒಪ್ಪಿದಳಂತೆ. ಒಬ್ಬ ಮಗ ಇದ್ದದ್ದು ಇಬ್ಬರಾಗುತ್ತಾರೆ, ಆಗಲಿ ಬಿಡು ಅಂದಳಂತೆ.

ನಾಟಿ ಕೈಗೂಡಿತು. ಇವರು ಕೂದಲೆಲ್ಲ ಉದುರಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸಣಕಲಾಗಿ ಮನೆಗೆ ಬಂದರು. ಅವತ್ತು ನಾವು ಮಾಡಿದ್ದನ್ನು ಈ ಊರಿನವರಲ್ಲದೆ ಬೇರೆ ಯಾರೂ ಮಾಡಲಾರರು. ಅತ್ತೆ ಆರತಿ ತಟ್ಟೆ ಹಿಡಿದು ಎಲ್ಲರನ್ನೂ ಬೀದಿಗೆ ಕರೆದು ನಿಲ್ಲಿಸಿ, ಒಳಗೆ ಒಬ್ಬರೂ ಇರಬಾರದು, ಮಗ ತಾನೇ ಬಾಗಿಲು ತೆಗೆದು ಮನೆ ಹೊಗಲಿ ಎಂದರು. ರಕ್ತದ ಗುಂಪು ಕೂಡ ಬದಲಾಗಿದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ನಾವು ತಲೆಯಾಡಿಸಿ ಕೇಳಿಸಿಕೊಂಡಿದ್ದೆವು. ಆದರೆ ಹುಟ್ಟಿ ಬೆಳೆದ ಮನೆಯ ಬಾಗಿಲಿಗೂ ಆ ಮಾತಿಗೂ ಸಂಬಂಧ ಇದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಇವರು ನಗುತ್ತಲೇ ಹೋಗಿ ಅಂಗೈ ಇಟ್ಟರು. ಬಾಗಿಲು ಅಲ್ಲಾಡಲಿಲ್ಲ. ಇನ್ನೊಂದು ಕೈಯನ್ನೂ ಇಟ್ಟರು. ಆಮೇಲೆ ಹಣೆ ಒತ್ತಿ ನಿಂತರು. ಹುಟ್ಟಿದಂದಿನಿಂದ ರಕ್ತ ನೋಡಿ ಒಳಗೆ ಬಿಟ್ಟ ಬಾಗಿಲು ಇವರ ಮುಖವನ್ನು ಒಮ್ಮೆಯೂ ನೋಡಿರಲಿಲ್ಲವೋ ಏನೋ.

ಅತ್ತೆಯ ಕೈಯಲ್ಲಿ ಆರತಿ ಹಾಗೇ ಉರಿದು ಆರಿತು. ನಾನು ಮುಂದೆ ಹೋಗಿ ಇವರ ಕೈಯ ಪಕ್ಕಕ್ಕೆ ನನ್ನ ಕೈ ಇಟ್ಟೆ. ಬಾಗಿಲು ತೆರೆಯಿತು. ಹೊರಗಿನಿಂದ ಬಂದ ನನಗೆ ತೆರೆದ ಬಾಗಿಲು ಇವರಿಗೆ ತೆರೆಯಲಿಲ್ಲವಲ್ಲ ಎಂದು ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಯಾರದೋ ತಟ್ಟೆಯಿಂದ ಕಿತ್ತುಕೊಂಡು ತಿಂದವಳ ಹಾಗೆ ತಲೆ ತಗ್ಗಿಸಿದೆ. ಅಂದಿನಿಂದ ಇವರು ಆ ಬಾಗಿಲಿಗೆ ಕೈ ಇಡುವುದನ್ನೇ ಬಿಟ್ಟರು. ನಾನು ಒರಳಿನ ಗುಂಡುಕಲ್ಲನ್ನು ಉರುಳಿಸಿ ತಂದು, ಬಾಗಿಲು ಮುಚ್ಚಿಕೊಳ್ಳದ ಹಾಗೆ ಅಡ್ಡ ಇಟ್ಟೆ. ರುಬ್ಬುವ ಕಲ್ಲು ಬಾಗಿಲಿಗೆ ಹೋದ ಮೇಲೆ ಮನೆಯಲ್ಲಿ ಇಡ್ಲಿ ದೋಸೆ ನಿಂತವು. ಕೇಳುವ ಹುಮ್ಮಸ್ಸೂ ಯಾರಿಗೂ ಇರಲಿಲ್ಲ.

ಇನ್ನು ಹೊನ್ನಮ್ಮನ ಬಾಗಿಲು ಮುಟ್ಟಿ ಬರುವ ಮಾತು. ಜನರ ನಡುವೆ ಹೋಗಬಾರದು, ಹೊರಗಿನದು ಏನೂ ತಿನ್ನಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅದು ನಿಜವಾದ ಮಾತು. ಅತ್ತೆಗೆ ಅದು ಒಳ್ಳೆಯ ನೆಪವೂ ಆಯಿತು. ಮೀನಿನ ಮನೆಯಲ್ಲಿ ಮಗ ಉಂಡು ಬರುವುದು ಅವರಿಗೆ ಬೇಕಿರಲಿಲ್ಲ. ಆಗಲಿ ನೋಡೋಣ, ಮೈ ಸರಿಹೋಗಲಿ ಎಂದು ದಿನ ತಳ್ಳಿದರು. ನಾನಾದರೂ ಹೋಗಿ ನಾಲ್ಕು ಮಾತು ಹೇಳಿ ಬರಬಹುದಿತ್ತು. ಗಿರಣಿ, ಅಡುಗೆ, ಮಾತ್ರೆ ಅಂತ ನಾನೂ ಹೋಗಲಿಲ್ಲ.

ಮೈ ಸರಿಹೋಗುವ ಬದಲು ಕೆಟ್ಟಿತು. ಮೊದಲು ಅಂಗೈ ಅಂಗಾಲು ಕೆಂಪಾಗಿ ಉರಿಯತೊಡಗಿದವು. ಆಮೇಲೆ ಬೆನ್ನು, ಎದೆ. ಚರ್ಮ ಈರುಳ್ಳಿ ಸಿಪ್ಪೆಯಂತೆ ಸುಲಿಯಿತು. ಹೊಟ್ಟೆ ಹಿಡಿತ ತಪ್ಪಿ, ಕುಡಿದ ಗಂಜಿಯೂ ನಿಲ್ಲದಂತೆ ಭೇದಿ ಹತ್ತಿತು. ಮತ್ತೆ ಆಸ್ಪತ್ರೆ. ಅಂಕಣ್ಣನಿಂದ ಬಂದ ಕೋಶಗಳು ಇವರ ಮೈಯನ್ನೇ ಪರರದು ಎಂದು ತಿಳಿದು ಹೊಡೆಯುತ್ತಿವೆ ಎಂದರು ಡಾಕ್ಟರ್ ವಸುಮತಿ. ಸ್ಟೀರಾಯ್ಡ್ ಕೊಟ್ಟರು, ಜಗ್ಗಲಿಲ್ಲ. ಬೇರೆ ಔಷಧಿ ಕೊಟ್ಟರು, ಅದಕ್ಕೂ ಇಲ್ಲ. ಇವರು ಕಣ್ಣು ಮುಚ್ಚಿ ಮಲಗಿದ್ದಾಗ ಮೆಲ್ಲಗೆ, ಮನೆ ಬಾಗಿಲಿಗೂ ನಾನು ಬೇಡ, ನನ್ನ ಮೈಗೂ ನಾನು ಬೇಡ ಎಂದರು. ನಾನು ಒದ್ದೆ ಬಟ್ಟೆ ಹಿಂಡಿ ಅವರ ತುಟಿ ಒರೆಸಿದೆ.

ಒಂದು ಮಧ್ಯಾಹ್ನ ಡಾಕ್ಟರು ನಮ್ಮಿಬ್ಬರನ್ನೂ ಮಂಚದ ಪಕ್ಕ ಕೂರಿಸಿಕೊಂಡು ಮಾತಾಡಿದರು.

“ಎಲ್ಲರ ರಕ್ತದಲ್ಲೂ ಹೊಡೆಯೋ ಕೋಶಗಳಿರ್ತವೆ, ಅವುಗಳ ಕೈ ಹಿಡಿದು ತಡೆಯೋ ಕೋಶಗಳೂ ಇರ್ತವೆ. ತಡೆಯೋವು ತುಂಬ ಕಡಿಮೆ. ಅಂಕಣ್ಣನ ರಕ್ತದಿಂದ ಅವನ್ನಷ್ಟೇ ಆರಿಸಿ, ಲ್ಯಾಬಿನಲ್ಲಿ ಬೆಳೆಸಿ, ಇವರಿಗೆ ಕೊಡಬೇಕು ಅಂತ ನಮ್ಮ ಯೋಚನೆ. ಇದಿನ್ನೂ ಪ್ರಯೋಗ. ಕೆಲವರಿಗೆ ಒಗ್ಗಿದೆ, ಕೆಲವರಿಗೆ ಒಗ್ಗಿಲ್ಲ. ಖಾತ್ರಿ ಅಂತ ನಾನು ಹೇಳಲ್ಲ.”

ಮಾಡದಿದ್ದರೆ ಏನು ಎಂದು ನಾನು ಕೇಳಿದೆ. ಆಕೆ ಸುತ್ತಿ ಬಳಸಿ ಮಾತಾಡಲಿಲ್ಲ. ಮಾಡದಿದ್ದರೆ ಹೆಚ್ಚು ದಿನ ಇಲ್ಲ ಎಂದರು. ಇವರು ಕಣ್ಣು ತೆರೆದು, ಮಾಡಿ ಎಂದರು.

ಅಂಕಣ್ಣನಿಗೆ ಹೇಳಿ ಕಳಿಸಿದರೆ ಅವನು ಬರಲಿಲ್ಲ. ಅವನ ತಾಯಿಯ ಮಾತು ಬಂತು. ತಂದವನು ಕಣ್ಣು ತಪ್ಪಿಸಿ, ಅವಳು ಹೇಳಿದ್ದನ್ನು ಹಾಗೆಹಾಗೇ ಒಪ್ಪಿಸಿದ.

“ಕೊಟ್ಟೋರ ಬಾಗ್ಲು ಮುಟ್ಟಕ್ಕೇ ಬರ್ಲಿಲ್ಲ. ಬಾಗ್ಲು ಬೇಡ್ದೋರ್ಗೆ ರಕ್ತ ಯಾಕೆ ಅಂತ ಕೇಳಪ್ಪ.”

ನನಗೆ ಸಿಟ್ಟು ನೆತ್ತಿಗೇರಿತು. ಜೀವ ಹೋಗುವ ಹೊತ್ತಿನಲ್ಲಿ ಮುನಿಸೇ ಎಂದು ಕೂಗಾಡಿದೆ. ಕೂಗಿ ಮುಗಿದ ಮೇಲೆ, ನಾನೂ ಹೊಸ್ತಿಲಾಚೆ ನಾಲ್ಕು ವರ್ಷ ಕಳೆದವಳಲ್ಲವೇ ಎನ್ನುವುದು ನೆನಪಾಯಿತು. ಬೇಡ ಎನಿಸಿಕೊಂಡವರ ಹೊಟ್ಟೆ ಎಷ್ಟು ಉರಿಯುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನೊಬ್ಬಳೇ ಹೋಗಿ ಕಾಲು ಹಿಡಿಯುತ್ತೇನೆ ಎಂದರೆ ಇವರು ಬೇಡವೆಂದರು. ಮುಟ್ಟಬೇಕಾದವನು ನಾನು, ನಾನೇ ಬರುತ್ತೇನೆ ಎಂದು ಹಟ ಹಿಡಿದರು. ಡಾಕ್ಟರ್ ವಸುಮತಿಯೂ ಇದೇ ಊರಿನವರು. ಬಾಯಿ ಮೂಗು ಮುಚ್ಚಿಕೊಂಡು ಹೋಗಿ, ಏನೂ ತಿನ್ನಬೇಡಿ, ಅರ್ಧ ಗಂಟೆಯಲ್ಲಿ ವಾಪಸ್ ಕರೆತನ್ನಿ ಎಂದು ಹೇಳಿ, ನಾವು ಹೊರಡುವುದನ್ನು ನೋಡಲಾರದೆ ಒಳಗೆ ಹೋದರು.

ಹಿಟ್ಟು ಸಾಗಿಸುವ ನಮ್ಮ ಲಗೇಜ್ ಆಟೋವನ್ನು ತೊಳೆದು, ಒಗೆದ ದುಪ್ಪಟಿ ಹಾಸಿ, ಇವರನ್ನು ಮಲಗಿಸಿದೆ. ನಾನು ಓಡಿಸಲು ಕೂತರೆ, ಪಕ್ಕದಲ್ಲಿ ಅತ್ತೆ ಹೇಳದೆ ಕೇಳದೆ ಬಂದು ಕೂತರು. ಕೇರಿ ಮುಟ್ಟಿದಾಗ ಗಾಳಿಯಲ್ಲಿ ಒಣಮೀನಿನ ವಾಸನೆ ಇತ್ತು. ಅವರು ಸೆರಗನ್ನು ಮೂಗಿಗೆ ತರಲು ಹೋಗಿ, ನನ್ನ ಮುಖ ನೋಡಿ, ಮಡಿಲಿಗೆ ಇಳಿಸಿಕೊಂಡರು. ಇಳಿಯಿರಿ ಅಂದರೆ ಇಳಿಯಲಿಲ್ಲ.

ಇವರನ್ನು ತೋಳಲ್ಲಿ ಆನಿಸಿಕೊಂಡು ಹೊನ್ನಮ್ಮನ ಮನೆ ಮುಂದೆ ನಿಲ್ಲಿಸಿದೆ. ನೀಲಿ ಬಣ್ಣದ ಸಣ್ಣ ಬಾಗಿಲು. ಇವರು ಕೈ ಎತ್ತಲಿಲ್ಲ.

“ಇದೂ ತೆರೀದೆ ಹೋದ್ರೆ, ದಾಕ್ಷಾ?”

“ತೆರೀದಿದ್ರೆ ನಾನು ಕೂಗ್ತೀನಿ. ನನ್ನ ಗಂಟ್ಲಿಗೆ ತೆರೀದ ಬಾಗ್ಲು ಈ ಊರಲ್ಲಿಲ್ಲ.”

ನಕ್ಕರು. ನಗುವುದಕ್ಕೂ ತುಟಿ ಒಡೆದು ನೋವಾಗುತ್ತಿತ್ತು. ಸುಲಿದ ಕೆಂಪು ಅಂಗೈಯನ್ನು ಬಾಗಿಲಿಗೆ ಸೋಕಿಯೂ ಸೋಕದಂತೆ ಇಟ್ಟರು. ಎಣ್ಣೆ ಬಿಟ್ಟ ಹಾಗೆ ಸದ್ದಿಲ್ಲದೆ ಅದು ತೆರೆದುಕೊಂಡಿತು. ಇವರು ಅಲ್ಲೇ ಅಳತೊಡಗಿದರು. ನಾನು ಅವರನ್ನು ಒಳಗೆ ನಡೆಸಿದೆ, ಬಾಗಿಲು ಹಿಂದೆ ಮುಚ್ಚಿಕೊಂಡಿತು.

ಹೊನ್ನಮ್ಮ ಬಲೆಯ ಹರಿದ ಕಣ್ಣುಗಳಿಗೆ ದಾರ ಹಾಕುತ್ತ ಕೂತಿದ್ದವಳು ತಲೆ ಎತ್ತಿದಳು. ಕೂಗದೆ ಒಳಗೆ ಬಂದವನು ಮಗನೇ ಇರಬೇಕೆಂದು ಏನೋ ಹೇಳಲು ಹೊರಟು ನಿಲ್ಲಿಸಿದಳು. ಇವರ ಕೈ ನೋಡಿದಳು, ಕತ್ತು ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಹೋಗಿ ಗೂಡಿನಿಂದ ಒಂದು ಸ್ಟೀಲ್ ತಟ್ಟೆ ತಂದಳು. ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ. ಮಗ ರಕ್ತ ಕೊಟ್ಟು ಬಂದ ದಿನವೇ ಕೊಂಡು ತಂದಿಟ್ಟದ್ದಂತೆ. ದಿನಾ ಧೂಳು ಒರೆಸಿ ಇಡುತ್ತಿದ್ದಳಂತೆ. ಅದನ್ನು ಕೇಳಿ ನನ್ನ ತಲೆ ಮೇಲೇಳಲಿಲ್ಲ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಅತ್ತೆಯ ದನಿ. ಯಾರ ಮನೆ ಮುಂದೆಯೂ ನಿಂತು ಕೂಗಿ ಅಭ್ಯಾಸವಿಲ್ಲದ ದನಿ.

“ಹೊನ್ನಮ್ಮನವರೆ, ಬಾಗ್ಲು ತೆಗೀರಿ. ತಪ್ಪು ನಂದು. ಮಗಂದಲ್ಲ.”

ಹೊನ್ನಮ್ಮ ತಟ್ಟೆ ಕೆಳಗಿಟ್ಟಳು. ಹೋಗಿ ಬಾಗಿಲು ಎಳೆದಳು. ಬನ್ನಿ ಅನ್ನಲಿಲ್ಲ, ಹೋಗಿ ಅನ್ನಲೂ ಇಲ್ಲ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅತ್ತೆ ಒಳಗೆ ಬಂದು ಮಗನ ಕಾಲ ಬಳಿ ನೆಲದ ಮೇಲೆ ಕೂತರು. ಮಂಡಿನೋವಿನ ಮಾತೇ ಬರಲಿಲ್ಲ.

ಹೊನ್ನಮ್ಮ ಹೊಸ ತಟ್ಟೆಗೆ ಬಿಸಿ ಅನ್ನ ಹಾಕಿ, ನಮ್ಮ ಕಡೆ ಒಮ್ಮೆ ನೋಡಿ, ಸಾರಿನ ಪಾತ್ರೆ ಮುಟ್ಟದೆ ಬರೀ ಉಪ್ಪು ಇಟ್ಟಳು. ಇವರು ತಿನ್ನುವ ಹಾಗಿರಲಿಲ್ಲ. ಇವರ ಪರವಾಗಿ ನಾನು ಉಣ್ಣಬಹುದೇ ಎಂದು ಕೇಳಿ ಕಲಸಿ ಉಂಡೆ. ಅವಳು ಮೀನಿನ ಸಾರೇ ಬಡಿಸಿದ್ದರೂ ಅವತ್ತು ಉಣ್ಣುತ್ತಿದ್ದೆ, ಆ ಮಾತು ಅತ್ತೆಗೆ ಇವತ್ತಿಗೂ ಹೇಳಿಲ್ಲ. ನಾನು ಉಣ್ಣುತ್ತಿರುವಾಗ ಹೊನ್ನಮ್ಮ ಇವರ ತಲೆಯ ಮೇಲೆ ಗಾಳಿಯಲ್ಲೇ ಕೈ ಆಡಿಸಿದಳು, ಸುಲಿದ ಚರ್ಮಕ್ಕೆ ತಾಗೀತೆಂದು.

“ನಮ್ಮನೆ ರಕ್ತವೇ ನಿನ್ಗೆ ಹಿಂಗ್ ಹೊಡೀತೈತಾ ಕಂದ? ಅಂಕಣ್ಣ ಬರ್ತಾನೆ ನಾಳಿಕೆ. ಅದ್ಕೆ ಬುದ್ಧಿ ಹೇಳಾವ್ನ ಕಳಿಸ್ಬೇಕಲ್ಲ.”

ಮಾರನೆಯ ದಿನ ಅಂಕಣ್ಣ ಬಂದು ತೋಳು ಚಾಚಿ ಮಲಗಿದ. ಯಂತ್ರ ಒಂದು ತೋಳಿನಿಂದ ರಕ್ತ ಎಳೆದುಕೊಂಡು, ಬೇಕಾದ್ದನ್ನು ಸೋಸಿಕೊಂಡು, ಮಿಕ್ಕಿದ್ದನ್ನು ಇನ್ನೊಂದು ತೋಳಿಗೆ ಬಿಡುತ್ತಿತ್ತು. ನಮ್ಮ ಗಿರಣಿಗಿಂತ ಸದ್ದು ಕಡಿಮೆ ಅಂದೆ. ಅವನು ನಕ್ಕ. ಆಮೇಲೆ ಲ್ಯಾಬಿನಲ್ಲಿ ಆ ಕೋಶಗಳು ಬೆಳೆಯುವವರೆಗೆ ಕಾಯುವ ದಿನಗಳು. ಆ ದಿನಗಳನ್ನು ಹೇಗೆ ಕಳೆದೆವೋ ಹೇಳಲಾರೆ. ಇವರು ಹಾಸಿಗೆಗೆ ಅಂಟಿಹೋಗಿದ್ದರು. ಬೆಳೆಯುವುದು ಮುಗಿಯುವುದರೊಳಗೆ ಇವರು ಮುಗಿದುಹೋದರೆ ಎಂದು ಜೀವ ಬಾಯಿಗೆ ಬರುತ್ತಿತ್ತು. ನಾನು ಬೆಳಿಗ್ಗೆ ಗಿರಣಿ ನಡೆಸಿ, ಮಧ್ಯಾಹ್ನ ಆಸ್ಪತ್ರೆಗೆ ಓಡುತ್ತಿದ್ದೆ. ಅತ್ತೆ ಅಲ್ಲಿಂದ ಅಲ್ಲಾಡಲೇ ಇಲ್ಲ.

ಕೊನೆಗೂ ತಂದರು. ಅಂಗೈಯಗಲದ ಚೀಲ, ಒಳಗೆ ಅಕ್ಕಿ ತೊಳೆದ ನೀರಿನಂಥದ್ದು. ಇಷ್ಟು ದಿನ ಕಾದದ್ದು ಇದಕ್ಕೋ ಎನ್ನಿಸಿತು. ಒಂದು ಸೇರು ರಾಗಿ ಬೀಸುವಷ್ಟು ಹೊತ್ತಿನಲ್ಲಿ ಅದು ಇಳಿದು ಮುಗಿಯಿತು. ಸ್ವಲ್ಪ ಚಳಿಜ್ವರ ಬಂತು, ಹೋಯಿತು. ಮರುದಿನ ಏನೂ ಇಲ್ಲ. ಅದರ ಮರುದಿನವೂ ಇಲ್ಲ. ಡಾಕ್ಟರು ಬಂದು ಚರ್ಮ ನೋಡುವರು, ಹೂಂ ಅನ್ನುವರು, ಹೋಗುವರು. ಆ ಹೂಂನಲ್ಲಿ ಏನಿದೆ ಎಂದು ನಾನು ಅತ್ತೆಯ ಮುಖವನ್ನೂ, ಅತ್ತೆ ನನ್ನ ಮುಖವನ್ನೂ ನೋಡುತ್ತಿದ್ದೆವು.

ವಾರ ಕಳೆದಿರಬೇಕು. ನಾನು ಮೆಟ್ಟಿಲು ಹತ್ತಿ ಬರುತ್ತಿರುವಾಗ ಅತ್ತೆ ವಾರ್ಡಿನ ಬಾಗಿಲಲ್ಲೇ ನಿಂತು, ನರ್ಸಿಗೂ ಪಕ್ಕದ ಮಂಚದವರಿಗೂ ಕಸ ಗುಡಿಸುವವಳಿಗೂ ಒಂದೇ ಸುದ್ದಿ ಹೇಳುತ್ತಿದ್ದರು. ಷಡಕ್ಷರಿಗೆ ಇವತ್ತು ಭೇದಿಯಾಗಿಲ್ಲ, ಸರಿಯಾಗಿ ಹೊರಗಡೆಗೆ ಹೋಗಿದ್ದಾನೆ. ಮಡಿವಂತೆ ನಮ್ಮತ್ತೆ ಅದನ್ನು ಮೊಮ್ಮಗ ಹುಟ್ಟಿದ ಸುದ್ದಿಯ ಹಾಗೆ ಹೇಳುತ್ತಿದ್ದರು. ಒಳಗೆ ಇವರು ದಿಂಬಿಗೆ ಒರಗಿ ಕೂತು, ಅಮ್ಮನ ಬಾಯಿ ಮುಚ್ಚಿಸು ಎಂದು ನನಗೆ ಕೈಸನ್ನೆ ಮಾಡಿದರು. ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದು ನಕ್ಕೆ, ಕಣ್ಣೀರು ಹಾಕಿದೆ, ಮತ್ತೆ ನಕ್ಕೆ. ಕೆಂಪು ಬೆನ್ನಿನಿಂದ ಇಳಿಯಿತು, ಎದೆಯಿಂದ ಇಳಿಯಿತು. ಕೊನೆಗೆ ಅಂಗೈಯಲ್ಲಿ ಎಳೆಯ ಚರ್ಮ ಬಂತು. ಹೊಡೆಯುವ ಕೈಗಳನ್ನು ಯಾರೋ ಹಿಡಿದುಕೊಂಡಿದ್ದರು. ಡಾಕ್ಟರ್ ವಸುಮತಿ ಇನ್ನೂ ಸಂತೋಷಪಡುವ ಕಾಲವಲ್ಲ ಎಂದು ಹೇಳಿ, ಕಾರಿಡಾರಿಗೆ ಹೋಗಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಎರಡನೆಯ ಸಲ ಮನೆಗೆ ಬಂದಾಗ ಆರತಿ ಇಲ್ಲ, ಬೀದಿಯ ಜನ ಇಲ್ಲ. ಗುಂಡುಕಲ್ಲು ಅಡ್ಡ ಇತ್ತು, ಬಾಗಿಲು ತೆರೆದೇ ಇತ್ತು. ಇವರು ಆ ಕಡೆ ನೋಡದೆ ಒಳಗೆ ಬಂದರು. ಸಂಜೆ ನಾನು ಅಡುಗೆ ಮುಗಿಸಿ ಬರುತ್ತೇನೆ, ಅತ್ತೆ ಎರಡು ತಟ್ಟೆ ಹಿಡಿದು ಹೊಸ್ತಿಲ ಮೇಲೆ ಕೂತಿದ್ದಾರೆ. ಬಾರೋ, ಆರಿಹೋಗುತ್ತೆ ಎಂದು ಮಗನನ್ನು ಕರೆದರು. ನಾನು ಅಲ್ಲೇ ನಿಂತೆ. ನನಗೆ ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಅತ್ತೆ ನನ್ನನ್ನು ನೋಡಿದರು, ಪಕ್ಕಕ್ಕೆ ಸರಿದು ಜಾಗ ಮಾಡಿದರು.

“ನೀನೂ ಬಾ ದಾಕ್ಷಾಯಿಣಿ. ನಿನ್ ಜೊತೆ ಆಗ್ಲೇ ಕೂರ್ಬೇಕಿತ್ತು ನಾನು.”

ಅಂದಿನಿಂದ ಮೂವರೂ ದಿನಾ ಹೊಸ್ತಿಲ ಮೇಲೆ ಇಕ್ಕಟ್ಟಿನಲ್ಲಿ ಕೂತು ಉಂಡೆವು. ಬೀದಿಯಲ್ಲಿ ಹೋಗುವವರು ಏನು ಅಡುಗೆ ಎಂದು ಕೇಳುವರು, ಅತ್ತೆ ಹೇಳುವರು. ಬಾಗಿಲು ಪಳಗಿತೋ ಇಲ್ಲವೋ ಎಂದು ನೋಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಇವರ ಕೈ ಅತ್ತ ಹೋಗುತ್ತಿರಲಿಲ್ಲ, ನಾನು ಕಲ್ಲು ತೆಗೆಯುತ್ತಿರಲಿಲ್ಲ. ಹಾಗೇ ಯುಗಾದಿ ಬಂತು, ಹೋಯಿತು. ಇವರ ಕೂದಲು ಬೆಳೆದು ಬಾಚುವಷ್ಟಾಯಿತು. ಇನ್ನು ಹೊರಗೆ ಉಣ್ಣಬಹುದು ಎಂದು ಡಾಕ್ಟರು ಹೇಳಿದರು.

ಆ ವಾರವೇ ಒಂದು ಸಂಜೆ ಅಂಗಳ ಸಾರಿಸಲೆಂದು ನಾನು ಕಲ್ಲನ್ನು ಪಕ್ಕಕ್ಕೆ ಉರುಳಿಸಿ, ಸಾರಿಸಿ, ಮತ್ತೆ ಅಡ್ಡ ಇಡಲು ಮರೆತು ಒಳಗೆ ಬಂದಿದ್ದೆ. ಬಾಗಿಲು ಮುಚ್ಚಿಕೊಂಡಿತ್ತು. ಇವರು ಪೇಪರ್ ಓದುತ್ತಿದ್ದರು, ಅತ್ತೆ ಹೂ ಕಟ್ಟುತ್ತಿದ್ದರು. ನಾನು ಸೊಪ್ಪು ಬಿಡಿಸುತ್ತಿದ್ದೆ. ಬಾಗಿಲು ತೆರೆಯಿತು. ಅಂಕಣ್ಣ ಒಳಗೆ ಬಂದ. ತಲೆಯ ಮೇಲೆ ಬೀಸಬೇಕಾದ ರಾಗಿಯ ಮೂಟೆ, ಅದನ್ನು ಹಿಡಿದ ಎರಡೂ ಕೈ ಮೇಲೆ. ಗಿರಣಿ ಮುಚ್ಚಿದ್ದರಿಂದ ಮನೆಗೇ ತಂದಿದ್ದ. ಯಾರನ್ನಾದರೂ ಕೂಗೋಣವೆಂದು ನಿಂತವನಿಗೆ ಭುಜ ಬಾಗಿಲಿಗೆ ತಾಗಿದ್ದೂ ಗೊತ್ತಾಗಿರಲಿಲ್ಲ.

“ನಾಳಿಕೆ ಮದ್ಯಾನ ಊಟಕ್ಕೆ ಬರ್ಬೇಕಂತೆ. ಅವ್ವ ಹೇಳ್ತು. ತಟ್ಟೆ ತೊಳ್ದಿಟ್ಟೈತೆ, ಸೊಪ್ಪಿನ ಸಾರೇ ಅಂತೆ.”

ನಾವೆಲ್ಲ ಅವನ ಹಿಂದಿನ ಬಾಗಿಲನ್ನು ದಿಟ್ಟಿಸಿದೆವು. ತಾನು ಏನೋ ತಪ್ಪು ಮಾಡಿದೆನೆಂದುಕೊಂಡು ಅವನು ಮೂಟೆ ಇಳಿಸಿ ಹಿಂದೆ ತಿರುಗಿ ನೋಡಿದ. ಬಾಗಿಲ ಹತ್ತಿರ ಯಾರೂ ಇರಲಿಲ್ಲ. ಆಗ ಅವನ ಬಾಯಿಯೂ ತೆರೆದುಕೊಂಡಿತು. ಉಂಡೂ ಉಂಡೂ ಅವನ ರಕ್ತಕ್ಕೆ ಪಳಗಿದ ಬಾಗಿಲು, ಮೈಯಲ್ಲಿ ಅದೇ ರಕ್ತ ಹರಿಯುವ ಇವರಿಗೆ ತೆರೆಯದೆ ಹೋದೀತೇ? ಅತ್ತೆ ಮೊದಲು ಎದ್ದರು. ಹೂವಿನ ದಾರ ಬೆರಳಿಗೆ ಸುತ್ತಿಕೊಂಡ ಹಾಗೇ ಬಂದು, ಅಂಕಣ್ಣನ ಕೈ ಹಿಡಿದು, ಕೂತ್ಕೋ ಮಗಾ, ಉಂಡು ಹೋಗು ಎಂದರು.

ಇವರು ಪೇಪರ್ ಮಡಿಸಿಟ್ಟು ಎದ್ದರು. ಹೊರಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಲು ಬಿಟ್ಟರು. ಒಳಗೆ ನಾವು ಮೂವರೂ ಅದನ್ನೇ ನೋಡುತ್ತ ನಿಂತೆವು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಇವರು ಆಚೆ ನಿಂತು ಧೈರ್ಯ ತಂದುಕೊಳ್ಳುತ್ತಿದ್ದರು, ನನಗೆ ಗೊತ್ತು. ಆಮೇಲೆ ಬಾಗಿಲು ತೆರೆಯಿತು, ಇವರು ಅಂಗೈ ಮುಂದೆ ಚಾಚಿಕೊಂಡೇ ಒಳಗೆ ಬಂದರು. ಮತ್ತೆ ಹೊರಗೆ ಹೋದರು, ಮತ್ತೆ ಬಂದರು. ಮೆಲ್ಲಗೆ ಮಾತಾಡುವ ಮನುಷ್ಯ ಮೂರನೆಯ ಸಲ ಬೀದಿಗೆಲ್ಲ ಕೇಳುವಂತೆ ನಕ್ಕರು. ಎಷ್ಟು ಸಲ ಹೋಗಿ ಬಂದರೋ ಎಣಿಸಲಿಲ್ಲ. ಸಾಕು ಬಾರೋ, ಸಾರು ಆರುತ್ತೆ ಎಂದು ಅತ್ತೆ ಕಣ್ಣೊರೆಸಿಕೊಳ್ಳುತ್ತ ಕರೆದರು. ನಾನು ಅಂಗಳದಿಂದ ಗುಂಡುಕಲ್ಲನ್ನು ಉರುಳಿಸಿ ತಂದು, ಚೆನ್ನಾಗಿ ತೊಳೆದು, ಒರಳಿಗೆ ಹಾಕಿ, ಇಡ್ಲಿಗೆ ಅಕ್ಕಿ ಉದ್ದು ನೆನೆಹಾಕಿದೆ.